ರಿಕ್ಷಾ ಪರ್ಮಿಟ್‌ಗೆ ಬಿದ್ದ ಬೀಗ: 1997–2017

ಸಂಜೆ ಎಂಟರ ಹೊತ್ತಿಗೆ ಡೊಂಬಿವಲಿ ಪೂರ್ವದಲ್ಲಿ ಸ್ಟೇಶನ್ನಿನಿಂದ ಹೊರಬಿದ್ದವರಿಗೆ ಮೊದಲು ಕಾಣುವುದು ರಿಕ್ಷಾ. ಎರಡನೆಯದಾಗಿ ಕಾಣುವುದೂ ರಿಕ್ಷಾ. ಬೆಂಗಳೂರಿನವರು ಆಟೋ ಎನ್ನುವುದನ್ನು ಈ ಕಡೆ ನಾವು ಕನ್ನಡದವರೂ ರಿಕ್ಷಾ ಎಂದೇ ಕರೆಯುತ್ತೇವೆ. ಶೇರ್ ರಿಕ್ಷಾದ ಸಾಲಿನಲ್ಲಿ ನಿಂತು ಬೆವರು ಒರೆಸಿಕೊಳ್ಳುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ಈ ಬಾಡಿಗೆ ಗಾಡಿಗಳನ್ನು ಅರ್ಧಕ್ಕೆ ಇಳಿಸಬೇಕು, ಅಪಘಾತ ತಾನಾಗಿಯೇ ಕಡಿಮೆಯಾಗುತ್ತದೆ. ಕಲ್ಯಾಣದಲ್ಲಿ, ಠಾಣೆಯಲ್ಲಿ, ವಾಶಿಯಲ್ಲಿ ಎಲ್ಲ ಕಡೆ ಇದೇ ಮಾತು. ಹೇಳುವವರಲ್ಲಿ ಬಹಳ ಮಂದಿ ಮರೆತಿರುವ ಸಂಗತಿಯೆಂದರೆ, ಇದನ್ನು ಒಮ್ಮೆ ಮಾಡಿ ನೋಡಿಯಾಗಿದೆ. ಹತ್ತಿರಹತ್ತಿರ ಇಪ್ಪತ್ತು ವರ್ಷ ಮಾಡಿ ನೋಡಿಯಾಗಿದೆ.

1988ರ ಮೋಟಾರು ವಾಹನ ಕಾಯ್ದೆಯ 74ನೇ ಕಲಮಿನ ಮೂರನೇ ಉಪಕಲಮು ಹೇಳುವುದಿಷ್ಟು: ಐದು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಪಟ್ಟಣಗಳಲ್ಲಿ, ಕೇಂದ್ರ ಸರಕಾರ ನಿರ್ದೇಶನ ಕೊಟ್ಟರೆ, ವಾಹನಗಳ ಸಂಖ್ಯೆ, ರಸ್ತೆಗಳ ಸ್ಥಿತಿ ಮುಂತಾದವುಗಳನ್ನು ನೋಡಿ ರಾಜ್ಯ ಸರಕಾರ ಬಾಡಿಗೆ ಗಾಡಿಗಳಿಗೆ ಮಿತಿ ಹಾಕಬೇಕು. ಇದರಡಿಯಲ್ಲಿ ಮಹಾರಾಷ್ಟ್ರ ಸರಕಾರ 1997ರ ನವೆಂಬರಿನಲ್ಲಿ ಮುಂಬಯಿ ಮಹಾನಗರ ಪ್ರದೇಶದಲ್ಲಿ ಹೊಸ ರಿಕ್ಷಾ ಪರ್ಮಿಟ್ ಕೊಡುವುದನ್ನು ನಿಲ್ಲಿಸಿತು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿ ಎಲ್ಲವೂ ಅದರೊಳಗೆ ಬಂದವು. ಮರು ತಿಂಗಳೇ, ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ದೆಹಲಿಯ ರಿಕ್ಷಾಗಳ ಸಂಖ್ಯೆಯನ್ನೂ ಇದ್ದಲ್ಲಿಗೇ ನಿಲ್ಲಿಸಿತು. ಅಲ್ಲಿ ಕಾರಣ ಹೊಗೆ, ಇಲ್ಲಿ ಕಾರಣ ದಟ್ಟಣೆ. ಅಪಘಾತ ಎಂಬ ಶಬ್ದ ಆ ಉಪಕಲಮಿನಲ್ಲಿ ಇಲ್ಲ. ಅಪಘಾತದ ವಾದ ಜನರ ಬಾಯಲ್ಲಿ ಆಮೇಲೆ ಸೇರಿಕೊಂಡದ್ದು.

ಬೀಗ ಹಾಕಿದ್ದು ಯಾವ ಊರುಗಳಿಗೆ ಎಂಬುದನ್ನು ನೋಡಬೇಕು. 2001ರ ಜನಗಣತಿಯಲ್ಲಿ ಠಾಣೆ ನಗರದ ಜನಸಂಖ್ಯೆ ಹನ್ನೆರಡೂವರೆ ಲಕ್ಷದಷ್ಟಿತ್ತು, 2011ಕ್ಕೆ ಹದಿನೆಂಟು ಲಕ್ಷ ದಾಟಿತು. ನವಿಮುಂಬಯಿ ಏಳು ಲಕ್ಷದಿಂದ ಹನ್ನೊಂದು ಲಕ್ಷಕ್ಕೆ ಹೋಯಿತು. ಮುಂಬಯಿಯ ಚಾಳುಗಳಲ್ಲಿ ಇಕ್ಕಟ್ಟಾಗಿ ಬದುಕಿದ್ದವರು ಒಂದು ಕೋಣೆ ಮಾರಿ ಇಲ್ಲಿ ಎರಡು ಕೋಣೆ ಕೊಂಡರು. ಉಡುಪಿ, ಮಂಗಳೂರಿನ ಕಡೆಯ ಎಷ್ಟೋ ಕುಟುಂಬಗಳು ಡೊಂಬಿವಲಿಗೆ ಬಂದದ್ದೂ ಹಾಗೆಯೇ. ಕೊಂಡ ಮನೆ ಸ್ಟೇಶನ್ನಿನಿಂದ ಎರಡು ಮೂರು ಕಿಲೋಮೀಟರು ದೂರ. ಮುನಿಸಿಪಾಲಿಟಿ ಬಸ್ಸು ಬಂದರೆ ಬಂತು. ರೈಲು ಮನೆಯ ಬಾಗಿಲಿಗೆ ಬರುವುದಿಲ್ಲವಾದ್ದರಿಂದ ಉಳಿದ ದಾರಿಗೆ ರಿಕ್ಷಾವೇ ಬೇಕು, ಪರ್ಮಿಟ್ಟೋ ನಿಂತುಹೋಗಿದೆ.

ಆಗ ಏನಾಯಿತು ಎನ್ನುವುದು ಇಲ್ಲಿ ವಾಸವಿದ್ದವರಿಗೆಲ್ಲ ಗೊತ್ತು. ಮೂವರು ಕೂರಬೇಕಾದ ಗಾಡಿಯಲ್ಲಿ ಚಾಲಕನ ಪಕ್ಕಕ್ಕೆ ನಾಲ್ಕನೆಯವರು ಬಂದರು. ಅರ್ಧ ಪೃಷ್ಠ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ, ಒಂದು ಕೈ ಮೇಲಿನ ಕಂಬಿಗೆ. ನಾನೂ ವರ್ಷಗಟ್ಟಲೆ ಹಾಗೆ ಕೂತು ಹೋದವನೇ. ಆ ಸೀಟಿನಲ್ಲಿ ಕೂತವರಿದ್ದಾಗ ಚಾಲಕನಿಗೆ ಹ್ಯಾಂಡಲ್ ಪೂರ್ತಿ ತಿರುಗಿಸಲಾಗದು ಎಂಬುದು ಮೊದಲ ದಿನವೇ ತಿಳಿಯುತ್ತದೆ, ಎರಡನೆಯ ದಿನ ಮರೆತುಹೋಗುತ್ತದೆ. ಪರ್ಮಿಟ್ ಇಲ್ಲದ ಗಾಡಿಗಳೂ ಓಡಿದವು. ಆರ್‌ಟಿಒ ದಾಳಿಯ ಸುದ್ದಿ ಬಂದ ದಿನ ಅರ್ಧ ರಸ್ತೆ ಖಾಲಿಯಾಗುತ್ತಿದ್ದುದೇ ಅದಕ್ಕೆ ಸಾಕ್ಷಿ.

ಇದಕ್ಕಿಂತ ದೊಡ್ಡ ಬದಲಾವಣೆ ಪ್ರಯಾಣಿಕರ ಕಣ್ಣಿಗೆ ಬೀಳಲಿಲ್ಲ. ಹೊಸದು ಸಿಗದಾದಾಗ ಪರ್ಮಿಟ್ ಎನ್ನುವುದು ಆಸ್ತಿಯಾಯಿತು. ಪರ್ಮಿಟ್ ಒಬ್ಬನ ಹೆಸರಿನಲ್ಲಿ, ಗಾಡಿ ಓಡಿಸುವವನು ಇನ್ನೊಬ್ಬ. ಓಡಿಸುವವನು ದಿನಕ್ಕೆ ಇಷ್ಟು ಎಂದು ಪಾಳಿ ಬಾಡಿಗೆ ಕಟ್ಟಬೇಕು. ಗ್ಯಾಸಿನ ಖರ್ಚು ಅವನದೇ. ಬೆಳಗಿನ ಮೊದಲ ಐದಾರು ಗಂಟೆಯ ದುಡಿಮೆ ಮಾಲೀಕನಿಗೆ, ಆಮೇಲಿನದು ತನಗೆ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಗಾಡಿ ಓಡಿಸುವವರ ಬಾಯಲ್ಲೂ ಇದೇ ಲೆಕ್ಕ ಕೇಳಿದ್ದೇನೆ. ಬಾಡಿಗೆ ಹುಟ್ಟುವ ತನಕ ಗಾಡಿ ನಿಲ್ಲಿಸುವಂತಿಲ್ಲ, ಜ್ವರ ಬಂದರೂ. ಅಂದರೆ ಗಾಡಿಗಳ ಸಂಖ್ಯೆಗೆ ಹಾಕಿದ ಮಿತಿ ಒಂದೊಂದು ಗಾಡಿ ಓಡುವ ಕಿಲೋಮೀಟರುಗಳಿಗೆ, ಒಬ್ಬೊಬ್ಬ ಚಾಲಕ ಎಚ್ಚರವಿರಬೇಕಾದ ಗಂಟೆಗಳಿಗೆ ಯಾವ ಮಿತಿಯನ್ನೂ ಹಾಕಲಿಲ್ಲ. ಅವನ್ನು ಅದು ಹೆಚ್ಚಿಸಿತು ಎಂದೇ ನನ್ನ ಅನಿಸಿಕೆ. ನಿದ್ದೆಗಣ್ಣಿನ ಚಾಲಕ ಅಪಾಯ ಎಂದು ಹೇಳಲು ಸಂಶೋಧನೆ ಬೇಕಿಲ್ಲ.

ಇದು ನಮ್ಮ ಕಡೆಯದೇ ವಿಚಿತ್ರವೇನಲ್ಲ. ಲಂಡನ್ನಿನಲ್ಲಿ 1654ರಲ್ಲೇ ಬಾಡಿಗೆ ಕುದುರೆಗಾಡಿಗಳು 300 ಮೀರಬಾರದೆಂದು ಕಟ್ಟಳೆ ಮಾಡಿದರು. 1662ಕ್ಕೆ ಅದು 400 ಆಯಿತು, 1694ಕ್ಕೆ 700. ಪ್ರತಿ ಬಾರಿಯೂ ಊರು ಕಟ್ಟಳೆಗಿಂತ ಮುಂದೆ ಓಡಿತ್ತು. ಕೊನೆಗೆ 1832ರಲ್ಲಿ ಮಿತಿಯನ್ನೇ ತೆಗೆದರು. ನ್ಯೂಯಾರ್ಕಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡವರೆಲ್ಲ ಟ್ಯಾಕ್ಸಿ ಹಿಡಿದರು, ಬೀದಿ ತುಂಬಿತು, ಚಾಲಕರ ಆದಾಯ ನೆಲಕಚ್ಚಿತು. 1937ರ ಹಾಸ್ ಕಾಯ್ದೆ ಟ್ಯಾಕ್ಸಿ ಲೈಸೆನ್ಸುಗಳಿಗೆ ಮಿತಿ ಹಾಕಿತು. ಹತ್ತು ಡಾಲರಿಗೆ ಸಿಕ್ಕ ಆ ಲೈಸೆನ್ಸ್ ಬಿಲ್ಲೆ 2014ರ ಹೊತ್ತಿಗೆ ಹತ್ತು ಲಕ್ಷ ಡಾಲರು ದಾಟಿತ್ತು. ಆ ಸಾಲ ತೀರಿಸಲು ಗಾಡಿ ಹೊಡೆದವರಲ್ಲಿ ಅನೇಕರು ವಲಸೆ ಬಂದವರು, ನಮ್ಮ ಉಪಖಂಡದವರೂ ಅವರಲ್ಲಿದ್ದರು. ಆ್ಯಪ್ ಟ್ಯಾಕ್ಸಿಗಳು ಬಂದು ಬಿಲ್ಲೆಯ ಬೆಲೆ ಕುಸಿದಾಗ ಕೆಲವರು ಆತ್ಮಹತ್ಯೆ ಮಾಡಿಕೊಂಡರು.

ಇರಲಿ, ಅಪಘಾತಕ್ಕೆ ಬರೋಣ. ಪರ್ಮಿಟ್ ಬೀಗ ಬಿದ್ದಿದ್ದ ಅದೇ ಇಪ್ಪತ್ತು ವರ್ಷಗಳಲ್ಲಿ ದೇಶದ ನೋಂದಾಯಿತ ವಾಹನಗಳು 3.73 ಕೋಟಿಯಿಂದ 25.33 ಕೋಟಿಗೆ ಏರಿದವು. ಅದರಲ್ಲಿ ಬಹುಪಾಲು ಸ್ವಂತ ಬಳಕೆಯ ಬೈಕು, ಸ್ಕೂಟರು. ಅವಕ್ಕೆ 74ನೇ ಕಲಮೂ ಇಲ್ಲ, ಪರ್ಮಿಟ್ಟೂ ಇಲ್ಲ. ಸ್ಟೇಶನ್ನಿನಲ್ಲಿ ರಿಕ್ಷಾ ಸಿಗದವನು ಕಂತಿನಲ್ಲಿ ಬೈಕು ತೆಗೆದುಕೊಂಡ. ಈಗ 2022ರ ಕೇಂದ್ರ ಸರಕಾರದ ವರದಿ ನೋಡಿ. ಆ ವರ್ಷ ರಸ್ತೆಯಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ. 44.5 ದ್ವಿಚಕ್ರ ಸವಾರರು, ಶೇ. 19.5 ಪಾದಚಾರಿಗಳು. ರಿಕ್ಷಾದಲ್ಲಿದ್ದವರು ಶೇ. 4ರ ಆಸುಪಾಸು. ಗಾಡಿಯೊಳಗೆ ಸತ್ತವರ ಲೆಕ್ಕವಿದು, ಗಾಡಿ ಗುದ್ದಿ ಸತ್ತವರದು ಬೇರೆ ಎಂದು ಯಾರಾದರೂ ಹೇಳಿದರೆ ಅದು ನ್ಯಾಯವೇ. ಆದರೂ ಹಗುರವಾದ, ವೇಗಕ್ಕೆ ಏರಲಾರದ ರಿಕ್ಷಾ ಗುದ್ದುವುದಕ್ಕೂ ಲಾರಿ ಗುದ್ದುವುದಕ್ಕೂ ಇರುವ ಅಂತರ ಗೊತ್ತೇ ಇದೆ. ಆ ವರ್ಷದ ಸಾವುಗಳಲ್ಲಿ ಶೇ. 70ಕ್ಕೂ ಹೆಚ್ಚಿನವನ್ನು ವರದಿ ಅತಿವೇಗದ ಲೆಕ್ಕಕ್ಕೆ ಹಾಕಿದೆ.

ಗಾಡಿ ಅರ್ಧವಾದರೆ ಅಪಘಾತವೂ ಅರ್ಧ ಎಂಬ ನಂಬಿಕೆಯನ್ನು ರೂಬೆನ್ ಸ್ಮೀಡ್ ಎಂಬ ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞ 1949ರಲ್ಲೇ ಮುರಿದಿದ್ದ. ಹಲವು ದೇಶಗಳ ಅಂಕಿಗಳನ್ನು ಇಟ್ಟುಕೊಂಡು ಅವನು ಕಂಡದ್ದು, ವಾಹನ ಎರಡರಷ್ಟಾದರೆ ಸಾವು ಹೆಚ್ಚುವುದು ಸುಮಾರು ಕಾಲು ಪಾಲು ಮಾತ್ರ ಎಂದು. ಅವನ ಸೂತ್ರಕ್ಕೆ ಆಮೇಲೆ ಆಕ್ಷೇಪಗಳು ಬಂದವು, ಅದನ್ನು ಎಲ್ಲ ಕಡೆ ಅನ್ವಯಿಸುವುದು ಕಷ್ಟ. ಆದರೆ ನಮ್ಮ ಅಂಕಿಗಳೂ ಅದೇ ದಿಕ್ಕನ್ನು ತೋರಿಸುತ್ತವೆ. 1997ರಲ್ಲಿ ಭಾರತದ ರಸ್ತೆಗಳಲ್ಲಿ 76,977 ಮಂದಿ ಸತ್ತರು, 2017ರಲ್ಲಿ 1,47,913. ವಾಹನ ಏಳರಷ್ಟು ಆಗುವ ಹೊತ್ತಿಗೆ ಸಾವು ಎರಡರಷ್ಟಾಯಿತು. ಎರಡರಷ್ಟು ಎನ್ನುವುದೂ ಸಣ್ಣ ಮಾತಲ್ಲ. ಆದರೆ ವಾಹನಗಳನ್ನು ಎಣಿಸಿದ ಮಾತ್ರಕ್ಕೆ ಅಪಘಾತದ ಲೆಕ್ಕ ಸಿಗುವುದಿಲ್ಲ.

ನಮ್ಮ ನಾಲ್ಕೂ ಊರುಗಳಲ್ಲಿ ರಿಕ್ಷಾ ಅತಿ ಹೆಚ್ಚು ಕಿಕ್ಕಿರಿಯುವುದು ಸ್ಟೇಶನ್ನಿನ ಎದುರು. ಅಲ್ಲಿ ಯಾವ ಗಾಡಿಯೂ ನಡಿಗೆಗಿಂತ ಜೋರಾಗಿ ಓಡಲಾರದು. ಕಾಲು ತುಳಿಸಿಕೊಳ್ಳಬಹುದು, ಬೈಸಿಕೊಳ್ಳಬಹುದು, ಸಾಯುವುದು ಅಪರೂಪ. ಎದೆ ನಡುಗಿಸುವ ಜಾಗಗಳು ಬೇರೆ. ಬಂದರಿನಿಂದ ಗುಜರಾತಿನ ಕಡೆ ಹೋಗುವ ಭಾರಿ ಲಾರಿಗಳ ನಡುವೆ ಬೈಕುಗಳು ನುಸುಳುವ ಠಾಣೆಯ ಘೋಡಬಂದರ್ ರಸ್ತೆ, ಕಂಟೇನರುಗಳು ಸಾಲುಗಟ್ಟುವ ಕಲ್ಯಾಣ–ಶೀಳ್ ರಸ್ತೆ, ರಾತ್ರಿ ಹತ್ತರ ಮೇಲೆ ಕಾರುಗಳು ಹಾರುವ ನವಿಮುಂಬಯಿಯ ಪಾಮ್ ಬೀಚ್ ರಸ್ತೆ. ಪಾಮ್ ಬೀಚಿನಲ್ಲಿ ಬಾಡಿಗೆ ಗಾಡಿ ಅರ್ಧ ಮಾಡಿದರೆ ವೇಗ ಇನ್ನಷ್ಟು ಏರೀತು.

ರಸ್ತೆಯೇ ಆರೋಪಿಯಾಗುವುದೂ ಉಂಟು. 2018ರ ಮಳೆಗಾಲದಲ್ಲಿ ಕಲ್ಯಾಣದಲ್ಲಿ ಗುಂಡಿಗೆ ಬಿದ್ದು, ಹಿಂದೆ ಬಂದ ಗಾಡಿಯ ಚಕ್ರಕ್ಕೆ ಸಿಕ್ಕು ದ್ವಿಚಕ್ರದವರು ಒಬ್ಬರ ಹಿಂದೆ ಒಬ್ಬರು ಸತ್ತ ಸುದ್ದಿಗಳು ದೇಶಾದ್ಯಂತ ಬಂದವು. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು.

ಹಾಗಾದರೆ ಬಾಡಿಗೆ ಗಾಡಿಗಳಿಗೆ ಯಾವ ಅಂಕುಶವೂ ಬೇಡವೆ? ಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ದುಡಿಮೆ ಎಂದಿತ್ತು. ಆದರೆ ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದು ಪರ್ಮಿಟ್, ಒಂದು ರಿಕ್ಷಾ, ಎರಡು ಪಾಳಿ ಎಂಬ ನಮ್ಮ ಏರ್ಪಾಡು ಅದರ ಬಲೆಗೆ ಬೀಳಲೇ ಇಲ್ಲ. ನೀವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರುಗಳಿಗೆ 1989ರ ಯೋಜನೆಯೊಂದಿದೆ. ಅದರಂತೆ ಲೈಸೆನ್ಸ್ ಬೇಕಾದರೆ ಕನಿಷ್ಠ 50 ಕಾರುಗಳಿರಬೇಕು. ಎಣಿಕೆ ಅಲ್ಲಿಯೂ ಗಾಡಿಯದ್ದೇ. ಶನಿವಾರ ರಾತ್ರಿ ಅಪರಿಚಿತ ಕಾರು ಹಿಡಿದು ಲೋಣಾವಳ ಘಾಟಿ ಹತ್ತುವವನಿಗೆ ಘಾಟಿ ರಸ್ತೆಯ ಅಭ್ಯಾಸವಿದೆಯೇ ಎಂದು ಯಾರೂ ಕೇಳುವುದಿಲ್ಲ.

2017ರ ಜೂನಿನಲ್ಲಿ ಸರಕಾರ ಬೀಗ ತೆಗೆಯಿತು. ಹಳೆಯ ಪರ್ಮಿಟ್ಟಿನ ಬೆಲೆ ಬಿತ್ತು, ಹೊಸ ಗಾಡಿಗಳು ಬಂದವು, ಸ್ಟ್ಯಾಂಡಿನಲ್ಲಿ ಜಾಗ ಸಾಲದಾಯಿತು. ಈಗ ಮತ್ತೆ ಮಿತಿ ಹಾಕಿ ಎಂದು ಕೇಳುತ್ತಿರುವವರಲ್ಲಿ ರಿಕ್ಷಾ ಸಂಘಟನೆಗಳೇ ಮುಂದೆ. ಅವರ ಕಾರಣ ಗಳಿಕೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಹೊಟ್ಟೆಪಾಡಿನ ಪ್ರಶ್ನೆಯನ್ನು ಹೊಟ್ಟೆಪಾಡಿನ ಪ್ರಶ್ನೆಯಾಗಿಯೇ ಚರ್ಚಿಸಬಹುದು, ದಟ್ಟಣೆಯನ್ನು ದಟ್ಟಣೆಯಾಗಿ. ಜೀವ ಉಳಿಸುವ ಹೆಸರಿನಲ್ಲಿ ಮಿತಿ ಕೇಳುವವರಿಗೆ ನನ್ನದೊಂದು ಕೋರಿಕೆಯಿದೆ. ಕೆಲವು ವರ್ಷಗಳಿಂದ ಪೊಲೀಸರು ಪ್ರತಿ ಅಪಘಾತದ ಜಾಗ, ಹೊತ್ತು, ವಾಹನದ ಬಗೆಯನ್ನು ಸರಕಾರಿ ಆ್ಯಪಿನಲ್ಲಿ ದಾಖಲಿಸುತ್ತಿದ್ದಾರೆ. ಎಂಎಚ್ 04, 05, 43 ಆರ್‌ಟಿಒಗಳ ಪರ್ಮಿಟ್ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು, 2017ರ ಆಚೆಗೂ ಈಚೆಗೂ ನೋಡಿ. ಜೊತೆಗೆ ಇನ್ನೊಂದು ಕಲಮು ಸೇರಿಸಿ: ಅಪಘಾತವಾದಾಗ ಆ ಚಾಲಕ ಗಾಡಿ ಹತ್ತಿ ಎಷ್ಟು ಗಂಟೆಯಾಗಿತ್ತು.