ಕುತ್ತಿಗೆ ನೆಟಿಕೆ ತೆಗೆದರೆ ‘ಹಿಡಿದ ನರ’ ಬಿಡುತ್ತದೆಯೇ?

ಕೋಲಾರ ತಾಲ್ಲೂಕಿನ ವಕ್ಕಲೇರಿ ಕಡೆಯ ಹಳ್ಳಿಗಳಲ್ಲಿ ಟೊಮೆಟೊ ಕ್ರೇಟ್ ಹೊತ್ತೋ, ಹಸುವಿಗೆ ಹುಲ್ಲಿನ ಹೊರೆ ತಂದೋ ಕುತ್ತಿಗೆ ಹಿಡಿದುಕೊಳ್ಳುವುದು ಹೊಸತೇನಲ್ಲ. ಆಗ ಅನೇಕರಿಗೆ ನೆನಪಾಗುವುದು ಕಟಿಂಗ್ ಶಾಪ್. ಕ್ಷೌರ ಮುಗಿದ ಮೇಲೆ ತಲೆ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿದರೆ ‘ಲಟಕ್’ ಎಂಬ ಸದ್ದು, ಹಿಂದೆಯೇ ಒಂದಿಷ್ಟು ಹಾಯ್ ಎನಿಸುವ ಅನುಭವ. ‘ಜರುಗಿದ ಮೂಳೆ ಕೂತಿತು, ಹಿಡಿದ ನರ ಬಿಟ್ಟಿತು’ ಎನ್ನುವ ವಿಡಿಯೊಗಳೂ ಮೊಬೈಲಿನಲ್ಲಿ ಓಡಾಡುತ್ತವೆ. ಇದರಲ್ಲಿ ಎಷ್ಟು ನಿಜ, ನೋಡೋಣ.

ಆ ಸದ್ದು ಎಲ್ಲಿಂದ ಬರುತ್ತದೆ?

ಮೂಳೆ ಜಾಗಕ್ಕೆ ಕೂತ ಸದ್ದು ಅದಲ್ಲ. ಕೀಲುಗಳ ಒಳಗೆ ಎಣ್ಣೆಯಂತೆ ಕೆಲಸ ಮಾಡುವ ದ್ರವವಿರುತ್ತದೆ. ಕೀಲನ್ನು ಥಟ್ಟನೆ ಎಳೆದಾಗ ಒಳಗಿನ ಒತ್ತಡ ಕುಸಿದು ಅನಿಲದ ಗುಳ್ಳೆ ಉಂಟಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬೆರಳಿನ ನೆಟಿಕೆ ತೆಗೆಯುವಾಗ ಎಂಆರ್‌ಐ ಮಾಡಿ ಇದನ್ನು ತೋರಿಸಿದರು. ಒಮ್ಮೆ ನೆಟಿಕೆ ತೆಗೆದ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡದಿರುವುದೂ ಇದೇ ಕಾರಣಕ್ಕೆ.

ಹಾಗಾದರೆ ಹಾಯ್ ಎನಿಸುವುದೇಕೆ?

ಕುತ್ತಿಗೆಯ ಸ್ನಾಯುಗಳೊಳಗೆ, ಅದರಲ್ಲೂ ತಲೆಬುರುಡೆಯ ಕೆಳಗಿನ ಪುಟ್ಟ ಸ್ನಾಯುಗಳಲ್ಲಿ, ಎಳೆತವನ್ನು ಗುರುತಿಸುವ ಸಂವೇದಕಗಳು ತುಂಬಿಕೊಂಡಿವೆ. ತಲೆಯನ್ನು ದಿಢೀರನೆ ತಿರುಗಿಸಿದಾಗ ಅವು ಬೆನ್ನುಹುರಿಗೆ ಒಮ್ಮೆಲೇ ಸಂದೇಶ ಕಳಿಸುತ್ತವೆ. ಸ್ನಾಯು ಕ್ಷಣಮಾತ್ರ ಬಿಗಿಯಬಹುದು, ಬಳಿಕ ಸಡಿಲಾಗಬಹುದು. ನೋವಿನ ಸಂದೇಶಗಳೂ ಸ್ವಲ್ಪ ಹೊತ್ತು ಮಂಕಾಗಬಹುದು. ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇಎಂಜಿ ಅಧ್ಯಯನಗಳಲ್ಲಿ ಕೆಲವು ಚಟುವಟಿಕೆ ಇಳಿದದ್ದನ್ನು, ಕೆಲವು ಏರಿದ್ದನ್ನು ಕಂಡಿವೆ. ಈ ಬದಲಾವಣೆ ಹೆಚ್ಚಾಗಿ ಅಲ್ಪಕಾಲದ್ದು. ನಾಲ್ಕು ದಿನಕ್ಕೆ ನೋವು ಮರಳುವುದೂ, ಮತ್ತೆ ನೆಟಿಕೆ ತೆಗೆಸಬೇಕು ಅನಿಸುವುದೂ ಇದರಿಂದಲೇ.

ನಾವು ‘ನರ ಹಿಡಿದಿದೆ’ ಎನ್ನುವುದು ಬಹುತೇಕ ಸಲ ಸ್ನಾಯುವಿನ ಬಿಗಿತ. ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನರ ನಿಜಕ್ಕೂ ಒತ್ತಿಕೊಂಡಿದ್ದರೆ ನೋವು ಭುಜದಿಂದ ಕೈಗೆ ಹರಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ, ಹಿಡಿತ ಸೋಲುತ್ತದೆ. ಅಂಥ ಕುತ್ತಿಗೆಯನ್ನು ತಿರುವಿದರೆ ತೊಂದರೆ ಹೆಚ್ಚಾಗಬಹುದು.

ಅಪಾಯ ಎಲ್ಲಿದೆ?

ಮಿದುಳಿಗೆ ರಕ್ತ ಹೋಗುವುದು ಕುತ್ತಿಗೆಯ ಮೂಲಕವೇ. ಮುಂದೆ ಎರಡು ಕೆರೋಟಿಡ್ ರಕ್ತನಾಳಗಳು, ಹಿಂದೆ ಎರಡು ವರ್ಟಿಬ್ರಲ್ ರಕ್ತನಾಳಗಳು. ಹಿಂದಿನವು ಕುತ್ತಿಗೆ ಮೂಳೆಗಳ ರಂಧ್ರಗಳಲ್ಲೇ ಹಾದು, ತಲೆಬುರುಡೆಯ ಕೆಳಗೆ ಬಾಗಿ ಮೇಲೇರುತ್ತವೆ. ರಭಸದ ತಿರುವಿಗೆ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಸಾಗಿ ಲಕ್ವ ಹೊಡೆಯಬಹುದು.

ಇದು ನಮ್ಮ ರಾಜ್ಯದಲ್ಲೇ ವರದಿಯಾಗಿದೆ. 2024ರಲ್ಲಿ ಬಳ್ಳಾರಿಯ ಸಲೂನೊಂದರಲ್ಲಿ ಉಚಿತ ತಲೆ ಮಸಾಜ್ ವೇಳೆ ಕುತ್ತಿಗೆ ತಿರುವಿಸಿಕೊಂಡ ಯುವಕನಿಗೆ ಕೆಲವೇ ಗಂಟೆಗಳಲ್ಲಿ ಮಾತು ತೊದಲಿ, ಎಡಭಾಗದ ಬಲ ಕುಂದಿತು. ಕೆರೋಟಿಡ್ ರಕ್ತನಾಳ ಹರಿದದ್ದು ಪರೀಕ್ಷೆಯಲ್ಲಿ ತಿಳಿಯಿತು.

ಹಾಗೆಂದು ನೆಟಿಕೆ ತೆಗೆಸಿದವರಿಗೆಲ್ಲ ಲಕ್ವ ಹೊಡೆಯುತ್ತದೆ ಎಂದು ಫಾರ್ವರ್ಡ್ ಮಾಡಿದರೆ ಅದೂ ತಪ್ಪು. ಇಂಥ ಘಟನೆ ಅಪರೂಪ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರ ಹೇಳಿಕೆಯಲ್ಲಿ ಕುತ್ತಿಗೆ ತಿರುವುವುದಕ್ಕೂ ರಕ್ತನಾಳ ಹರಿಯುವುದಕ್ಕೂ ನಂಟು ಕಂಡಿದೆ, ಆದರೆ ಅದೇ ಕಾರಣವೆಂದು ಸಾಬೀತಾಗಿಲ್ಲ ಎಂದಿದೆ. ರಕ್ತನಾಳ ಮೊದಲೇ ಹರಿದಿದ್ದರೂ ಕುತ್ತಿಗೆ ನೋಯುತ್ತದೆ; ಆ ನೋವಿಗೇ ಕೆಲವರು ಕುತ್ತಿಗೆ ತೋರಿಸಲು ಹೋಗಿರುತ್ತಾರೆ. ಅಂಥವರ ಕುತ್ತಿಗೆ ತಿರುವುವುದು ಇನ್ನೂ ಅಪಾಯ. ಹೊರಗಿನಿಂದ ನೋಡಿ ಇದನ್ನು ಗುರುತಿಸುವುದು ಕಷ್ಟ.

ಏನು ಮಾಡಬೇಕು?

ತಲೆ, ಭುಜಕ್ಕೆ ಹಗುರ ಮಸಾಜ್ ಸಾಕು. ‘ಕುತ್ತಿಗೆ ತಿರುವಬೇಡಿ ಅಣ್ಣ’ ಎಂದು ಮೊದಲೇ ಹೇಳಿಬಿಡಿ. ಬಿಸಿನೀರಿನ ಶಾಖ, ಮೆಲ್ಲನೆಯ ವ್ಯಾಯಾಮ, ತಗ್ಗಿಸಿ ನೋಡುವ ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತುವುದು ನೆರವಾಗುತ್ತವೆ. ನೋವು ಬಿಡದಿದ್ದರೆ ವೈದ್ಯರನ್ನು, ಅವರು ಹೇಳಿದರೆ ಫಿಸಿಯೋಥೆರಪಿಸ್ಟರನ್ನು ಕಾಣಿ.

ಕುತ್ತಿಗೆ ತಿರುವಿದ ಮೇಲೆ, ಗಂಟೆಗಳ ಅಥವಾ ದಿನಗಳ ನಂತರವಾದರೂ, ಹಿಂದೆಂದೂ ಕಾಣದಂಥ ತಲೆನೋವು, ತಲೆಸುತ್ತು, ಎರಡೆರಡು ಕಾಣುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕುತ್ತಿಗೆ ತಿರುವಿಸಿಕೊಂಡದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ನೆಟಿಕೆ ವಿಡಿಯೊ ಬಂದ ಗುಂಪಿಗೆ ಈ ಲಕ್ಷಣಗಳ ಪಟ್ಟಿಯನ್ನೂ ಕಳಿಸಿ.