ದೂರದ ಮಿತ್ರರ ಹಂಗು: ಕ್ರೈಸ್ತ ರಾಜಕಾರಣಿಗಳ ಬೆಂಬಲ ಮತ್ತು ಯಹೂದಿ ಸಮುದಾಯಗಳು (1840–2017)

1844ರಲ್ಲಿ ಜೆರುಸಲೇಮಿನಲ್ಲಿ ಒಂದು ಆಸ್ಪತ್ರೆ ಬಾಗಿಲು ತೆರೆಯಿತು. ನಡೆಸುತ್ತಿದ್ದವರು ಲಂಡನ್ ಸೊಸೈಟಿಯವರು. ಯಹೂದಿಗಳ ನಡುವೆ ಕ್ರೈಸ್ತ ಮತವನ್ನು ಹರಡಲೆಂದೇ 1809ರಲ್ಲಿ ಹುಟ್ಟಿದ ಸಂಸ್ಥೆ ಅದು. ರೋಗಿಗಳಿಗೆ ಖರ್ಚಿಲ್ಲ, ಊಟವೂ ಯಹೂದಿ ಆಹಾರ ನಿಯಮದಂತೆಯೇ. ಆದರೆ ಊರಿನ ರಬ್ಬಿಗಳು ಅಲ್ಲಿ ಕಾಲಿಡುವ ಯಹೂದಿಗೆ ಬಹಿಷ್ಕಾರ ಸಾರಿದರು. ಇಂಥದೊಂದು ಆಸ್ಪತ್ರೆ ಬರಲಿದೆ ಎಂಬ ಸುಳಿವು ಹತ್ತಿದ್ದ ಇಂಗ್ಲೆಂಡಿನ ಯಹೂದಿ ಮುಖಂಡ ಮೋಸೆಸ್ ಮಾಂಟೆಫಿಯೋರೆ, ಹಿಂದಿನ ವರ್ಷವೇ ತಮ್ಮ ಖರ್ಚಿನಲ್ಲಿ ಸೈಮನ್ ಫ್ರೆಂಕೆಲ್ ಎಂಬ ವೈದ್ಯರನ್ನು ಅಲ್ಲಿಗೆ ಕಳಿಸಿದ್ದರು. 1854ರಲ್ಲಿ ರಾಥ್‌ಚೈಲ್ಡ್ ಮನೆತನದ ಆಸ್ಪತ್ರೆಯೂ ಬಂತು. ಇಷ್ಟಾದರೂ ಬಡ ರೋಗಿಗಳು ಮಿಷನ್ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನು ಪೂರ್ತಿ ಬಿಡಲಿಲ್ಲ.

ಹೊರದೇಶದ ಕ್ರೈಸ್ತ ರಾಜಕಾರಣಿಗಳ ಬೆಂಬಲವನ್ನು ಯಹೂದಿಗಳು ಸ್ವಾಗತಿಸಬೇಕೇ ಎಂಬ ಇವತ್ತಿನ ಚರ್ಚೆಯ ಎಳೆಗಳೆಲ್ಲ ಆ ಆಸ್ಪತ್ರೆಯಲ್ಲೇ ಇವೆ. ಈ ವಿಷಯದ ಮೇಲೆ ಬಂದಿರುವ ಬರಹ ಸಾಕಷ್ಟಿದೆ. ಬಾರ್ಬರಾ ಟಕ್‌ಮನ್ ಅವರ ‘ಬೈಬಲ್ ಆಂಡ್ ಸ್ವೋರ್ಡ್’ (1956), ಯಹೂದಿಗಳು ಪ್ಯಾಲೆಸ್ಟೈನಿಗೆ ಮರಳಬೇಕೆಂಬ ಕ್ರೈಸ್ತ ನಿಲುವಾದ ಕ್ರೈಸ್ತ ಝಿಯೋನಿಸಂನ ಮೂಲಗಳನ್ನು ಕುರಿತ ಡೊನಾಲ್ಡ್ ಲೂಯಿಸ್ ಅವರ ಅಧ್ಯಯನ (2010) ಮುಖ್ಯವಾದವು. ಇಂಥ ಕೃತಿಗಳು ಹೆಚ್ಚಾಗಿ ಕ್ರೈಸ್ತ ಮಿತ್ರನ ಮನಸ್ಸನ್ನು ಬಗೆಯುತ್ತವೆ: ಅವನಿಗೆ ಬೇಕಾದದ್ದು ಮತಾಂತರವೇ, ಯೇಸುವಿನ ಪುನರಾಗಮನವೇ, ಸಾಮ್ರಾಜ್ಯವೇ? ಆ ಪ್ರಶ್ನೆಗೆ ಬೆಲೆ ಇದೆ. ಆದರೆ ಯಹೂದಿಗಳ ಕಡೆಯಿಂದ ನೋಡಿದರೆ ಇನ್ನೆರಡು ಪ್ರಶ್ನೆಗಳು ಹೆಚ್ಚು ಕೆಲಸಕ್ಕೆ ಬರುತ್ತವೆ ಎಂಬುದು ನನ್ನ ವಾದ. ಆ ನೆರವನ್ನು ಕೇಳಿದವರು ಯಾರು? ಅದರ ಹಂಗು ಹೊತ್ತವರು ಯಾರು?

ಒಂದೇ ವರ್ಷದ ಎರಡು ನೆರವುಗಳು

1840ರ ಫೆಬ್ರುವರಿಯಲ್ಲಿ ದಮಾಸ್ಕಸ್ ನಗರದಲ್ಲಿ ಫಾದರ್ ಥಾಮಸ್ ಎಂಬ ಕಪುಚಿನ್ ಸನ್ಯಾಸಿಯೂ ಅವರ ಸೇವಕನೂ ಕಾಣೆಯಾದರು. ಹಬ್ಬದ ರೊಟ್ಟಿಗೆ ಕ್ರೈಸ್ತ ರಕ್ತ ಬೇಕೆಂದು ಯಹೂದಿಗಳೇ ಕೊಂದರು ಎಂಬ ಯೂರೋಪಿನ ಹಳೆಯ ಸುಳ್ಳು ಅಲ್ಲಿಯೂ ತಲೆ ಎತ್ತಿತು. ಊರಿನ ಯಹೂದಿ ಮುಖಂಡರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಕೆಲವರು ಅದರಲ್ಲೇ ಪ್ರಾಣಬಿಟ್ಟರು. ಆರೋಪಕ್ಕೆ ನೀರೆರೆದವನು ಫ್ರಾನ್ಸಿನ ಕಾನ್ಸುಲ್ ರಾತಿ-ಮಾಂಟನ್. ಪ್ಯಾರಿಸ್ಸಿನಲ್ಲಿ ಪ್ರಧಾನಿ ತಿಯೇರ್ ಅವನ ಬೆನ್ನಿಗೆ ನಿಂತರು. ಲಂಡನ್ನಿನ ಯಹೂದಿ ಪ್ರತಿನಿಧಿಗಳು ಬ್ರಿಟಿಷ್ ವಿದೇಶಾಂಗ ಸಚಿವ ಲಾರ್ಡ್ ಪಾಮರ್‌ಸ್ಟನ್ ಬಳಿ ಹೋದರು, ಅವರು ಸಹಾಯಕ್ಕೆ ಒಪ್ಪಿದರು. ಮಾಂಟೆಫಿಯೋರೆ ಮತ್ತು ಫ್ರೆಂಚ್ ಯಹೂದಿ ವಕೀಲ ಅಡಾಲ್ಫ್ ಕ್ರೆಮ್ಯೂ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಆಗ ದಮಾಸ್ಕಸ್ಸನ್ನೂ ಆಳುತ್ತಿದ್ದ ಈಜಿಪ್ಟಿನ ಮುಹಮ್ಮದ್ ಅಲಿಯನ್ನು ಕಂಡರು. ಬದುಕುಳಿದಿದ್ದ ಬಂದಿಗಳು ಬಿಡುಗಡೆಯಾದರು. ಅದೇ ವರ್ಷದ ನವೆಂಬರ್‌ನಲ್ಲಿ ಆಟೊಮನ್ ಸುಲ್ತಾನ ಅಬ್ದುಲ್ ಮಜೀದ್ ರಕ್ತದ ಆರೋಪ ಬುಡವಿಲ್ಲದ್ದೆಂದು ಫರ್ಮಾನು ಹೊರಡಿಸಿದ. ಈ ಪ್ರಕರಣವನ್ನು ಕುರಿತ ಜೊನಾಥನ್ ಫ್ರಾಂಕೆಲ್ ಅವರ ಗ್ರಂಥ (1997) ಓದಿದವರಿಗೆ ಒಂದು ಮಾತು ಮನಸ್ಸಿಗೆ ನಾಟುತ್ತದೆ: ಇಲ್ಲಿ ಮೊದಲು ಹೆಜ್ಜೆ ಇಟ್ಟವರು ಯಹೂದಿಗಳು, ಕ್ರೈಸ್ತ ಸಚಿವ ಅವರ ಹಿಂದೆ ಬಂದ.

ಅದೇ ಪಾಮರ್‌ಸ್ಟನ್ ಅದೇ ವರ್ಷದ ಆಗಸ್ಟ್ 11ರಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ರಾಯಭಾರಿ ಪಾನ್ಸನ್‌ಬಿಗೆ ಒಂದು ಪತ್ರ ಬರೆದರು. ಯಹೂದಿಗಳು ಪ್ಯಾಲೆಸ್ಟೈನಿಗೆ ಬಂದು ನೆಲೆಸಲು ಸುಲ್ತಾನ ಪ್ರೋತ್ಸಾಹ ಕೊಡಲಿ. ಅವರ ಹಣ ದೇಶಕ್ಕೆ ಬರುತ್ತದೆ, ಮುಹಮ್ಮದ್ ಅಲಿಯ ಮಹತ್ವಾಕಾಂಕ್ಷೆಗೂ ಅಡ್ಡಗಾಲಾಗುತ್ತದೆ ಎಂಬುದು ಅದರ ಸಾರ. ಇದರ ಹಿಂದಿದ್ದವರು ಲಾರ್ಡ್ ಆಶ್ಲಿ, ಮುಂದೆ ಶಾಫ್ಟ್ಸ್‌ಬರಿಯ 7ನೆಯ ಅರ್ಲ್ ಆದವರು. ಬೈಬಲ್‌ನ ಭವಿಷ್ಯವಾಣಿಯನ್ನು ಅಕ್ಷರಶಃ ನಂಬಿದ ಇವಾಂಜೆಲಿಕಲ್ ಕ್ರೈಸ್ತ. ಲಂಡನ್ ಸೊಸೈಟಿಯ ಕಂಬ. ಪಾಮರ್‌ಸ್ಟನ್ 1839ರಲ್ಲಿ ಮದುವೆಯಾದ ಲೇಡಿ ಕೂಪರ್ ಇವರ ಅತ್ತೆ, ಹಾಗಾಗಿ ವಿದೇಶಾಂಗ ಸಚಿವರ ಊಟದ ಮೇಜು ದೂರವಿರಲಿಲ್ಲ. ಮಾವನಿಗೆ ಪ್ರವಾದಿಗಳ ಮಾತು ಹಿಡಿಸದೆಂದು ಅರಿತು, ರಾಜಕೀಯ, ಹಣಕಾಸು, ವ್ಯಾಪಾರದ ಭಾಷೆಯಲ್ಲೇ ವಾದಿಸಬೇಕಾಯಿತು ಎಂದು ಆಶ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಮರುವರ್ಷ ಜೆರುಸಲೇಮಿಗೆ ಆಂಗ್ಲಿಕನ್ ಬಿಷಪ್ ನೇಮಕವಾದರು: ಮೈಕೆಲ್ ಸಾಲಮನ್ ಅಲೆಕ್ಸಾಂಡರ್, ಯಹೂದಿಯಾಗಿ ಹುಟ್ಟಿ ರಬ್ಬಿಯಾಗಿ ದುಡಿದು ಕ್ರೈಸ್ತರಾದವರು. ಊರಿನ ಯಹೂದಿಗಳಿಗೆ ಇದಕ್ಕಿಂತ ಸ್ಪಷ್ಟವಾದ ಸಂದೇಶ ಬೇಕಿರಲಿಲ್ಲ. ಅವರ ನಂತರ 1846ರಲ್ಲಿ ಆ ಪೀಠಕ್ಕೆ ಬಂದ ಸ್ಯಾಮ್ಯುಯೆಲ್ ಗೋಬಾ ಕಲಿತದ್ದು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ. 1834ರಲ್ಲಿ ಮಂಗಳೂರಿಗೆ ತನ್ನ ಮೊದಲ ಪಾದ್ರಿಗಳನ್ನು ಕಳಿಸಿದ, ‘ಮಂಗಳೂರ ಸಮಾಚಾರ’ದಿಂದ ನಮಗೆ ಪರಿಚಿತವಾದ ಅದೇ ಮಿಷನ್.

ಪಾಮರ್‌ಸ್ಟನ್‌ರ ಆಗಸ್ಟ್ ಪತ್ರವನ್ನು ಯಾವ ಯಹೂದಿ ಸಂಸ್ಥೆಯೂ ಕೇಳಿರಲಿಲ್ಲ. ಇನ್ನೂ ಮುಖ್ಯವಾದದ್ದು 1847ರಲ್ಲಿ ಗೊತ್ತಾಯಿತು. ಆ ವರ್ಷ ಲಂಡನ್ ನಗರ ಕ್ಷೇತ್ರದಿಂದ ಲಿಯೊನೆಲ್ ಡಿ ರಾಥ್‌ಚೈಲ್ಡ್ ಆರಿಸಿ ಬಂದರು. ಪ್ರಮಾಣವಚನದಲ್ಲಿ ಕ್ರೈಸ್ತ ನಂಬಿಕೆಯ ಮೇಲೆ ಆಣೆ ಇಡಬೇಕಿದ್ದುದರಿಂದ ಸದನದಲ್ಲಿ ಕೂರಲಾಗಲಿಲ್ಲ. ಆ ಮಾತುಗಳನ್ನು ತೆಗೆಯುವ ಮಸೂದೆಯನ್ನು ವಿರೋಧಿಸಿದವರಲ್ಲಿ ಆಶ್ಲಿಯೂ ಒಬ್ಬರು. ಪ್ಯಾಲೆಸ್ಟೈನಿನ ಹೊಲ ಉಳುವ ಯಹೂದಿಗಾಗಿ ಕಣ್ಣೀರಿಟ್ಟವರಿಗೆ ವೆಸ್ಟ್‌ಮಿನ್‌ಸ್ಟರ್‌ನ ಬೆಂಚಿನ ಮೇಲೆ ಕೂರುವ ಯಹೂದಿ ಬೇಡವಾದ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ಇಷ್ಟು ಕಟುವಾದ ಉದಾಹರಣೆ ಅಪರೂಪ. ರಾಥ್‌ಚೈಲ್ಡ್ ಕೂತದ್ದು 1858ರಲ್ಲಿ. ಮನುಷ್ಯ ಬದಲಾಗುತ್ತಾನೆ ಎಂಬುದನ್ನೂ ದಾಖಲಿಸಬೇಕು: 1868ರಲ್ಲಿ ಮಾಂಟೆಫಿಯೋರೆಗೆ ಲಾರ್ಡ್ ಪದವಿ ಕೊಡಿ ಎಂದು ಗ್ಲಾಡ್‌ಸ್ಟನ್‌ಗೆ ಬರೆದವರೂ ಇದೇ ಶಾಫ್ಟ್ಸ್‌ಬರಿ. ಗ್ಲಾಡ್‌ಸ್ಟನ್ ಕೊಡಲಿಲ್ಲ.

ಹರ್ಟ್ಸಲ್‌ನ ಲೆಕ್ಕ, ಮಾಂಟೆಗುವಿನ ಭಯ

1896ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಝಿಯೋನಿಸ್ಟ್ ಮುಖಂಡ ಥಿಯೊಡರ್ ಹರ್ಟ್ಸಲ್‌ನನ್ನು ಹುಡುಕಿಕೊಂಡು ಒಬ್ಬ ಉದ್ದ ಗಡ್ಡದ ಪಾದ್ರಿ ಬಂದ. ವಿಲಿಯಂ ಹೆಕ್ಲರ್, ಬ್ರಿಟಿಷ್ ರಾಯಭಾರ ಕಚೇರಿಯ ಗುರು. ಹುಟ್ಟಿದ್ದು 1845ರಲ್ಲಿ ನಮ್ಮ ಕಾಶಿಯಲ್ಲಿ, ಮಿಷನರಿ ತಂದೆಯ ಮಗನಾಗಿ. ಕಲೀಫ ಉಮರ್ ಜೆರುಸಲೇಮನ್ನು ಗೆದ್ದ ವರ್ಷಕ್ಕೆ ಬೈಬಲ್‌ನ 1260ನ್ನು ಕೂಡಿಸಿ, ಯಹೂದಿಗಳ ಮರಳುವಿಕೆ 1897-98ಕ್ಕೆ ಎಂದು ಲೆಕ್ಕ ಹಾಕಿಟ್ಟಿದ್ದ. ಹರ್ಟ್ಸಲ್‌ನ ‘ಯಹೂದಿ ರಾಷ್ಟ್ರ’ ಪುಸ್ತಕ ಅದಕ್ಕೆ ಸರಿಯಾಗಿ ಫೆಬ್ರುವರಿಯಲ್ಲಿ ಅಚ್ಚಾಗಿತ್ತು. ಹರ್ಟ್ಸಲ್ ಅವನ ಕೋಣೆಗೆ ಹೋದಾಗ ಗೋಡೆ ತುಂಬ ಬೈಬಲ್‌ಗಳು. ನಾಲ್ಕು ಹಾಳೆಗಳ ಪ್ಯಾಲೆಸ್ಟೈನ್ ನಕ್ಷೆ ಹರಡಿದಾಗ ನೆಲವೇ ಮುಚ್ಚಿತಂತೆ. ದೈವಭಕ್ತಿಯಿಲ್ಲದ ಪತ್ರಕರ್ತ ಹರ್ಟ್ಸಲ್‌ಗೆ ಈ ಭವಿಷ್ಯವಾಣಿಯಲ್ಲಿ ನಂಬಿಕೆ ಇರಲಿಲ್ಲ. ಆದರೆ ಹೆಕ್ಲರ್‌ಗೆ ಬಾಡೆನ್‌ನ ಗ್ರ್ಯಾಂಡ್ ಡ್ಯೂಕ್ ಗೊತ್ತು, ಡ್ಯೂಕ್‌ಗೆ ಜರ್ಮನಿಯ ಕೈಸರ್ ಹತ್ತಿರದ ನಂಟು. 1898ರ ನವೆಂಬರ್ 2ರಂದು ಹರ್ಟ್ಸಲ್ ಜೆರುಸಲೇಮಿನಲ್ಲಿ ಎರಡನೆಯ ವಿಲ್ಹೆಲ್ಮ್ ಎದುರು ನಿಂತ. ಕೈಸರ್ ಸೌಜನ್ಯದ ನಾಲ್ಕು ಮಾತಾಡಿ ಕಳಿಸಿದ. ಫಲ ಅಷ್ಟೇ.

ಹರ್ಟ್ಸಲ್‌ನ ಧೋರಣೆ ಬೀದಿಯ ವ್ಯಾಪಾರಿಯದು: ಕೊಳ್ಳುವವನು ಯಾಕೆ ಕೊಳ್ಳುತ್ತಾನೆ ಎಂದು ಕೇಳುವುದಿಲ್ಲ. ಅದರ ಬೆಲೆ 1903ರಲ್ಲಿ ಕಂಡಿತು. ಏಪ್ರಿಲ್‌ನಲ್ಲಿ ಕಿಶಿನೇವ್‌ನ ಹತ್ಯಾಕಾಂಡದಲ್ಲಿ 49 ಯಹೂದಿಗಳು ಸತ್ತಿದ್ದರು. ರಷ್ಯದ ಯಹೂದಿಗಳು ಒಳಾಡಳಿತ ಸಚಿವ ಪ್ಲೇವೆಯನ್ನೇ ಹೊಣೆ ಮಾಡುತ್ತಿದ್ದರು. ಆಗಸ್ಟ್‌ನಲ್ಲಿ ಹರ್ಟ್ಸಲ್ ಹೋಗಿ ಅದೇ ಪ್ಲೇವೆಯ ಕೈ ಕುಲುಕಿ ಬಂದ. ಯಹೂದಿಗಳು ದೇಶ ಬಿಟ್ಟು ಹೋಗಲಿ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ವಿಯೆನ್ನಾಕ್ಕೆ ಮರಳುವ ರೈಲು ಹರ್ಟ್ಸಲ್‌ಗಿತ್ತು, ಕಿಶಿನೇವ್‌ನವರಿಗೆ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಈ ವಿರೋಧಾಭಾಸ ಒಬ್ಬನೇ ವ್ಯಕ್ತಿಯಲ್ಲಿ ಮನೆಮಾಡಿತ್ತು. ಆರ್ಥರ್ ಬಾಲ್‌ಫರ್ ಪ್ರಧಾನಿಯಾಗಿದ್ದಾಗ 1905ರ ಏಲಿಯನ್ಸ್ ಕಾಯ್ದೆ ಬಂತು. ರಷ್ಯದಿಂದ ಓಡಿಬರುತ್ತಿದ್ದ ಯಹೂದಿಗಳಿಗೆ ಬಾಗಿಲು ಕಿರಿದು ಮಾಡಿದ್ದು ಅದೇ. ಹನ್ನೆರಡು ವರ್ಷಗಳ ನಂತರ, ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆಯನ್ನು ಬೆಂಬಲಿಸಿದ 1917ರ ನವೆಂಬರ್ 2ರ ಘೋಷಣೆಗೆ ವಿದೇಶಾಂಗ ಸಚಿವನಾಗಿ ಸಹಿ ಹಾಕಿದ್ದೂ ಅದೇ ಬಾಲ್‌ಫರ್. ಸರ್ಕಾರದೊಳಗೆ ಇದನ್ನು ಗಟ್ಟಿಯಾಗಿ ಎದುರಿಸಿದವರು ಯಹೂದಿ ಸಚಿವ ಎಡ್ವಿನ್ ಮಾಂಟೆಗು. ಭಾರತ ಮಂತ್ರಿಯಾಗಿ 1917ರ ಆಗಸ್ಟ್ 20ರಂದು ಇವರು ಕಾಮನ್ಸ್ ಸಭೆಯಲ್ಲಿ ಓದಿದ ಹೇಳಿಕೆಯನ್ನು ನಮ್ಮ ಶಾಲೆಯ ಇತಿಹಾಸ ಪುಸ್ತಕಗಳು ಹೇಳುತ್ತವೆ: ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ. ಮೂರೇ ದಿನಕ್ಕೆ, ಆಗಸ್ಟ್ 23ರಂದು, ಸಹೋದ್ಯೋಗಿಗಳ ನೀತಿಯನ್ನು ಯಹೂದಿ ದ್ವೇಷದ ನೀತಿ ಎಂದೇ ಕರೆದು ಅವರು ಟಿಪ್ಪಣಿ ಸಲ್ಲಿಸಿದ್ದನ್ನು ಆ ಪುಸ್ತಕಗಳು ಹೇಳುವುದಿಲ್ಲ. ಪ್ಯಾಲೆಸ್ಟೈನ್ ಯಹೂದಿಗಳ ರಾಷ್ಟ್ರೀಯ ನೆಲೆ ಎಂದಾದ ದಿನ ಉಳಿದ ದೇಶಗಳೆಲ್ಲ ತಮ್ಮ ಯಹೂದಿ ಪ್ರಜೆಗಳನ್ನು ಪರಕೀಯರೆಂದು ಸಾಗಹಾಕಲು ನೋಡುತ್ತವೆ ಎಂಬುದು ಅವರ ಭಯ. ಘೋಷಣೆಯ ಕೊನೆಯಲ್ಲಿ, ಬೇರೆ ದೇಶಗಳ ಯಹೂದಿಗಳ ಹಕ್ಕು ಮತ್ತು ಸ್ಥಾನಮಾನಕ್ಕೆ ಧಕ್ಕೆಯಾಗಬಾರದು ಎಂಬ ಮಾತು ಸೇರಿದ್ದು ಬಹುಮಟ್ಟಿಗೆ ಇಂಥ ಭಯಕ್ಕೆ ಉತ್ತರವಾಗಿ. ಮಾಂಟೆಗು ಭಾರತಕ್ಕೆ ಹಡಗು ಹತ್ತಿದರು, ಘೋಷಣೆ ಹೊರಬಂತು. ಮುಂದಿನ ವರ್ಷ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಬ್ರಿಟಿಷರಿಗಾಗಿ ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು.

ಮಾಂಟೆಗು ತಪ್ಪಿದ್ದರು ಎಂದು ಮುಂದಿನ ಇತಿಹಾಸ ತೋರಿಸಿತೆಂದು ಹೇಳುವವರಿದ್ದಾರೆ: 1933ರ ನಂತರ ಬೇರೆಲ್ಲ ಬಾಗಿಲು ಮುಚ್ಚಿದಾಗ ಆ ‘ನೆಲೆ’ ಇಲ್ಲದಿದ್ದರೆ ಇನ್ನೆಷ್ಟು ಜನ ಸಾಯುತ್ತಿದ್ದರು? ಅದು ತಳ್ಳಿಹಾಕುವ ವಾದವಲ್ಲ. ಆದರೆ 1905ರ ಬಾಗಿಲು ತೆರೆದೇ ಇದ್ದಿದ್ದರೆ ಎಂಬ ಪ್ರಶ್ನೆಯನ್ನೂ ಅದೇ ಉಸಿರಿನಲ್ಲಿ ಕೇಳಬೇಕಾಗುತ್ತದೆ.

ಅಮೆರಿಕ, ಮತ್ತು ಬುಡಾಪೆಸ್ಟಿನ ಪೋಸ್ಟರುಗಳು

ಅಮೆರಿಕದ ಕತೆ 1891ರಿಂದ. ಆ ವರ್ಷ ಮಾರ್ಚ್ 5ರಂದು ಚಿಕಾಗೋದ ಧರ್ಮಬೋಧಕ ವಿಲಿಯಂ ಬ್ಲ್ಯಾಕ್‌ಸ್ಟನ್ ಅಧ್ಯಕ್ಷ ಹ್ಯಾರಿಸನ್‌ಗೆ 413 ಸಹಿಗಳ ಮನವಿ ಕೊಟ್ಟರು: ರಷ್ಯದ ಯಹೂದಿಗಳಿಗೆ ಪ್ಯಾಲೆಸ್ಟೈನನ್ನು ಮರಳಿ ಕೊಡಿಸಿ. ರಾಕ್‌ಫೆಲರ್, ಜೆ.ಪಿ. ಮಾರ್ಗನ್, ಮುಖ್ಯ ನ್ಯಾಯಾಧೀಶ ಮೆಲ್ವಿಲ್ ಫುಲ್ಲರ್ ಸಹಿ ಮಾಡಿದ್ದರು. ಸಹಿಗಳಲ್ಲಿ ಬಹುಪಾಲು ಕ್ರೈಸ್ತರವು. ಚಿಕಾಗೋದ ರಬ್ಬಿ ಎಮಿಲ್ ಹಿರ್ಶ್ ಅಂಥವರಿಗೆ ಇದು ಹಿಡಿಸಲಿಲ್ಲ. ಅಮೆರಿಕವೇ ತಮ್ಮ ದೇಶ ಎಂಬುದು ಸುಧಾರಣಾವಾದಿ ಯಹೂದಿಗಳ ನಿಲುವು.

ಇದಕ್ಕೆ ಎದುರಾಗಿ 1970ರ ದಶಕವನ್ನು ಇಡಬೇಕು. 1969ರಲ್ಲಿ ಸೋವಿಯತ್ ಜಾರ್ಜಿಯಾದ 18 ಯಹೂದಿ ಕುಟುಂಬಗಳು ತಮ್ಮನ್ನು ಇಸ್ರೇಲಿಗೆ ಹೋಗಲು ಬಿಡಿ ಎಂದು ವಿಶ್ವಸಂಸ್ಥೆಗೆ ಬರೆದವು. ಹೆಸರು ಬರೆದು ಸಹಿ ಹಾಕಿದ ಪತ್ರ ಅದು. ವಲಸೆಯ ಹಕ್ಕು ಕೊಡದ ದೇಶಕ್ಕೆ ವ್ಯಾಪಾರದ ರಿಯಾಯಿತಿ ಇಲ್ಲ ಎಂಬ ಜಾಕ್ಸನ್–ವ್ಯಾನಿಕ್ ತಿದ್ದುಪಡಿ ಅಮೆರಿಕದಲ್ಲಿ 1974ರಲ್ಲಿ ಅಂಗೀಕಾರವಾಯಿತು. ಸೆನೆಟರ್ ಹೆನ್ರಿ ಜಾಕ್ಸನ್ ಪ್ರಾಟೆಸ್ಟೆಂಟ್, ಚಾರ್ಲ್ಸ್ ವ್ಯಾನಿಕ್ ಕ್ಯಾಥೊಲಿಕ್. ಇಬ್ಬರ ವಾದದಲ್ಲೂ ಪ್ರವಾದಿಗಳಿಗೆ ಜಾಗವಿರಲಿಲ್ಲ. ಪರಿಣಾಮ ನೇರ ಗೆರೆಯದ್ದಲ್ಲ: 1973ರಲ್ಲಿ ಸುಮಾರು 34 ಸಾವಿರ ಯಹೂದಿಗಳು ಹೊರಟಿದ್ದರೆ 1975ರಲ್ಲಿ ಅದು 13 ಸಾವಿರಕ್ಕೆ ಇಳಿಯಿತು, 1979ರಲ್ಲಿ 51 ಸಾವಿರಕ್ಕೆ ಏರಿತು. ಆದರೂ ಕೇಳಿದವರು ಯಾರು ಎಂಬುದರಲ್ಲಿ ಗೊಂದಲವಿಲ್ಲ. ದಮಾಸ್ಕಸ್ ಪ್ರಕರಣದ ವಂಶದ್ದು ಇದು, ಬ್ಲ್ಯಾಕ್‌ಸ್ಟನ್ ಮನವಿಯ ವಂಶದ್ದಲ್ಲ.

ಅಷ್ಟರಲ್ಲಿ ಇವಾಂಜೆಲಿಕಲ್ ರಾಜಕೀಯ ಎದ್ದು ನಿಂತಿತ್ತು. 1979ರಲ್ಲಿ ಜೆರ‍್ರಿ ಫಾಲ್‌ವೆಲ್ ‘ಮಾರಲ್ ಮೆಜಾರಿಟಿ’ ಕಟ್ಟಿದರು. ಮರುವರ್ಷ ಇಸ್ರೇಲಿನ ಪ್ರಧಾನಿ ಮೆನಾಹೆಮ್ ಬೆಗಿನ್ ಫಾಲ್‌ವೆಲ್‌ಗೆ ಜಬೊಟಿನ್‌ಸ್ಕಿ ಪದಕ ಕೊಟ್ಟರು. ಅದೇ 1980ರಲ್ಲಿ ಸದರ್ನ್ ಬ್ಯಾಪ್ಟಿಸ್ಟರ ಅಧ್ಯಕ್ಷ ಬೇಲಿ ಸ್ಮಿತ್, ಯಹೂದಿಯ ಪ್ರಾರ್ಥನೆಗೆ ದೇವರು ಕಿವಿಗೊಡುವುದಿಲ್ಲ ಎಂದು ವೇದಿಕೆಯಿಂದ ಹೇಳಿದರು. ಅಮೆರಿಕದ ಯಹೂದಿಗಳು ಎರಡಾಗಿ ಒಡೆದರು. ಸುಧಾರಣಾವಾದಿಗಳ ಮುಖಂಡ ರಬ್ಬಿ ಅಲೆಕ್ಸಾಂಡರ್ ಶಿಂಡ್ಲರ್‌ಗೆ ಈ ಸ್ನೇಹ ಶಾಲೆಯಲ್ಲಿ ಪ್ರಾರ್ಥನೆ ತರುವವರ, ಅಮೆರಿಕವನ್ನು ಕ್ರೈಸ್ತ ದೇಶ ಮಾಡಹೊರಟವರ ಸ್ನೇಹವಾಗಿ ಕಂಡಿತು. ಯಹೂದಿ ದ್ವೇಷವನ್ನು ಎದುರಿಸುವ ಆಂಟಿ-ಡಿಫಮೇಷನ್ ಲೀಗ್‌ನ ನಿರ್ದೇಶಕ ನೇಥನ್ ಪರ್ಲ್‌ಮಟರ್ 1982ರ ಪುಸ್ತಕದಲ್ಲಿ ಬೇರೆ ಲೆಕ್ಕ ಹಾಕಿದರು: ಕೊನೆಯ ದಿನಗಳ ನಂಬಿಕೆ ಅವರ ಪಾಡಿಗಿರಲಿ, ಇವತ್ತು ಇಸ್ರೇಲಿಗೆ ಮಿತ್ರರು ಬೇಕು. ಬೆಗಿನ್ ಸರ್ಕಾರವೂ ಕುರುಡಾಗಿರಲಿಲ್ಲ. ಹಣ, ವಸ್ತುಗಳ ಆಮಿಷ ಒಡ್ಡಿ ಮತಾಂತರಿಸುವುದನ್ನು ಅಪರಾಧ ಮಾಡಿದ ಇಸ್ರೇಲಿ ಕಾಯ್ದೆ 1977ರದ್ದು, ಅವರ ಕಾಲದ್ದೇ. ಜೆರುಸಲೇಮಿನ ಆ ಹಳೆಯ ಆಸ್ಪತ್ರೆಯ ನೆನಪು ಶಾಸನದೊಳಗೆ ಕೂತಂತೆ. ಆರ್ಥೊಡಾಕ್ಸ್ ಪಂಡಿತ ರಬ್ಬಿ ಜೋಸೆಫ್ ಸೊಲೊವೇಚಿಕ್ 1964ರಲ್ಲೇ ಎಳೆದಿದ್ದ ಗೆರೆಯೂ ಇಂಥದೇ: ಲೌಕಿಕ ಕೆಲಸದಲ್ಲಿ ಕೂಡಿ ದುಡಿಯೋಣ, ದೇವರ ವಿಷಯದಲ್ಲಿ ಚೌಕಾಸಿ ಬೇಡ.

ನನಗೆ ಕಂಡಂತೆ ಪರ್ಲ್‌ಮಟರ್ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಇಸ್ರೇಲಿಗೆ ಸಿಕ್ಕ ನೆರವಿಗೆ ಹಂಗು ತೀರಿಸಬೇಕಾದವರು ಯಾವಾಗಲೂ ಇಸ್ರೇಲಿಗಳೇ ಆಗಿರುವುದಿಲ್ಲ. ಅದು ಬುಡಾಪೆಸ್ಟಿನಲ್ಲಿ ಬಯಲಾಯಿತು. 2017ರ ಬೇಸಿಗೆಯಲ್ಲಿ, ಕ್ರೈಸ್ತ ಯೂರೋಪಿನ ಕಾವಲುಗಾರ ಎಂದು ತನ್ನನ್ನು ಕರೆದುಕೊಳ್ಳುತ್ತಿದ್ದ ವಿಕ್ಟರ್ ಓರ್ಬಾನ್‌ರ ಸರ್ಕಾರ, ಹಂಗೇರಿಯಲ್ಲಿ ಹುಟ್ಟಿದ ಯಹೂದಿ ಹಣಕಾಸುಗಾರ ಜಾರ್ಜ್ ಸೊರೊಸ್‌ರ ನಗುವ ಮುಖವನ್ನು ದೇಶದ ತುಂಬ ಅಂಟಿಸಿ, ಕೊನೆಯ ನಗು ಅವರದಾಗಲು ಬಿಡಬೇಡಿ ಎಂದು ಬರೆಸಿತು. ಕೆಲವು ಪೋಸ್ಟರುಗಳ ಮೇಲೆ ಯಾರೋ ಯಹೂದಿ ದ್ವೇಷದ ಗೀಚುಬರಹ ಬರೆದರು. ಹಂಗೇರಿಯ ಯಹೂದಿ ಒಕ್ಕೂಟ ಮಾಜಿಹಿಸ್‌ನ ಅಧ್ಯಕ್ಷ ಆಂಡ್ರಾಶ್ ಹೈಸ್ಲರ್ ಇದನ್ನು ನಿಲ್ಲಿಸಿ ಎಂದು ಓರ್ಬಾನ್‌ಗೆ ಪತ್ರ ಬರೆದರು. ಇಸ್ರೇಲಿನ ರಾಯಭಾರಿ ಯೊಸ್ಸಿ ಅಮ್ರಾನಿ ಹೈಸ್ಲರ್ ಜೊತೆ ದನಿಗೂಡಿಸಿದರು. ಇಸ್ರೇಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು ಓರ್ಬಾನ್‌ರನ್ನು ಕಾಣಲು ಬುಡಾಪೆಸ್ಟಿಗೆ ಹೊರಡುವುದಕ್ಕೆ ಕೆಲವೇ ದಿನ ಬಾಕಿ ಇತ್ತು. ಜೆರುಸಲೇಮಿನ ವಿದೇಶಾಂಗ ಸಚಿವಾಲಯದಿಂದ ಸ್ಪಷ್ಟೀಕರಣ ಬಂತು: ರಾಯಭಾರಿಯ ಹೇಳಿಕೆ ಸೊರೊಸ್ ಮೇಲಿನ ಟೀಕೆಯನ್ನು ತಪ್ಪೆನ್ನುವುದಲ್ಲ, ಸೊರೊಸ್ ಇಸ್ರೇಲಿನ ಚುನಾಯಿತ ಸರ್ಕಾರಗಳನ್ನು ದುರ್ಬಲಗೊಳಿಸುವವರು.

ಜುಲೈ 18ರಂದು ನೆತನ್ಯಾಹು ಪಕ್ಕದಲ್ಲಿ ನಿಂತು ಓರ್ಬಾನ್, ಎರಡನೆಯ ಮಹಾಯುದ್ಧದಲ್ಲಿ ಹಂಗೇರಿ ತನ್ನ ಯಹೂದಿ ಪ್ರಜೆಗಳನ್ನು ಕಾಪಾಡದೆ ಪಾಪ ಮಾಡಿತು ಎಂದರು. ಪಾಪದ ಆ ಒಪ್ಪಿಗೆ ಕೇಳಿಸಿಕೊಂಡ ದೇಶದಲ್ಲೇ, ಹೈಸ್ಲರ್‌ರ ಒಕ್ಕೂಟದವರು ಅತಿಥಿ ಮರಳಿದ ಮೇಲೂ ಬದುಕಬೇಕಿತ್ತು.