ಮೇಳ ಕೂಡಿದ ಬಗೆ

ರೋಣ, ನರಗುಂದ, ಗಜೇಂದ್ರಗಡಗಳ ಹೆಸರನ್ನು ರಾಕ್ ಸಂಗೀತದ ಪಕ್ಕದಲ್ಲಿ ಇಟ್ಟರೆ ಕೇಳಿದವರು ನಕ್ಕಾರು. ನರಗುಂದ ಹೆಸರಾದದ್ದು 1858ರಲ್ಲಿ ಬಾಬಾಸಾಹೇಬ ಭಾವೆ ಎತ್ತಿದ ಬಂಡಾಯದಿಂದ, ಆಮೇಲೆ 1980ರ ರೈತ ಚಳುವಳಿಯಿಂದ. ಗಜೇಂದ್ರಗಡ ತನ್ನ ಕೋಟೆಯಿಂದ, ಕಾಲಕಾಲೇಶ್ವರನಿಂದ, ಕೈಮಗ್ಗದಿಂದ. ರೋಣ ಪಂಡಿತ ಭೀಮಸೇನ ಜೋಶಿಯವರ ಮನೆತನದಿಂದ. ಈ ಎರೆನಾಡಿಗೂ ವಿದ್ಯುತ್ ಗಿಟಾರಿಗೂ ಏನು ನಂಟು? ನಂಟು ಉಂಟೆಂಬುದೇ ನನ್ನ ಇಂದಿನ ಮಾತಿನ ತಾತ್ಪರ್ಯ. ಸಿನಿಮಾದ ಆಸರೆಯಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವ ರಾಕ್ ಮೇಳಗಳು ಕನ್ನಡ ನಾಡಿನಲ್ಲಿ ಹೇಗೆ ಕೂಡಿದವು, ಅವುಗಳಲ್ಲಿ ಸೇರಿದವರು ಯಾವ ಸಂಗೀತದ ಮನೆಗಳಿಂದ ಬಂದವರು ಎಂದು ವಿಚಾರಿಸುತ್ತ ಹೋದರೆ, ದಾರಿ ತಿರುಗಿ ನಮ್ಮ ಸೀಮೆಗೇ ಬಂದು ಮುಟ್ಟುತ್ತದೆ.

ಮೊದಲು ನಮ್ಮಲ್ಲಿ ಮೇಳ ಕೂಡುವ ಬಗೆಯನ್ನು ನೋಡೋಣ. ಶ್ರಾವಣ ಬಂದಿತೆಂದರೆ ಗುಡಿಯಲ್ಲಿ, ಮಠದಲ್ಲಿ ಭಜನಾ ಮೇಳ ನೆರೆಯುತ್ತದೆ. ಪೇಟಿ ನುಡಿಸುವಾತ ಶಾಲೆಯ ಮಾಸ್ತರನಿರಬಹುದು, ತಬಲಾದವನು ಬಡಿಗನಿರಬಹುದು, ತಾಳ ಹಾಕುವವನು ನೇಕಾರನಿರಬಹುದು. ಒಬ್ಬನು ನಾಟಕ ಕಂಪನಿಯ ಹಾಡು ಕೇಳಿ ಬೆಳೆದವನು. ಇನ್ನೊಬ್ಬನು ಕರಡಿ ಮಜಲಿನ ಗತ್ತನ್ನು ಮೈಗೂಡಿಸಿಕೊಂಡವನು. ಮತ್ತೊಬ್ಬನು ಮೊಹರಮ್ಮಿನಲ್ಲಿ ರಿವಾಯತ ಪದ ಹೇಳುವವನು. ಇವರನ್ನು ಯಾರೂ ಸಂಬಳ ಕೊಟ್ಟು ಕರೆತಂದಿರುವುದಿಲ್ಲ. ಮುಂದಾಳು ಎತ್ತಿಕೊಂಡ ನುಡಿಯನ್ನು ಉಳಿದವರು ಹಿಂದಿನಿಂದ ಹಿಡಿಯುತ್ತಾರೆ. ಹಿಡಿಯುವಾಗ ತಮ್ಮ ತಮ್ಮ ಕಲಿಕೆಯನ್ನು ಅದರೊಳಗೆ ಒಂದಿಷ್ಟು ಬೆರೆಸುತ್ತಾರೆ. ಮೇಳ ಕೂಡುವುದೆಂದರೆ ಇದೇ.

ಓಣಿಯಲ್ಲಿ ಹಾದುಹೋಗುವ ಇಂಥ ಸಂಗೀತವೇ ಒಬ್ಬ ಹುಡುಗನನ್ನು ಮನೆಯಿಂದ ಹೊರಕ್ಕೆ ಎಳೆಯಿತು. 1922ರಲ್ಲಿ ಹುಟ್ಟಿದ ಭೀಮಸೇನ ಮೆರವಣಿಗೆಯ ವಾದ್ಯದ ಬೆನ್ನು ಹತ್ತಿ ದೂರ ನಡೆದು, ದಣಿದಲ್ಲೇ ಮಲಗಿಬಿಡುತ್ತಿದ್ದನಂತೆ. ಕಡೆಗೆ ತಂದೆ ಗುರುರಾಜ ಜೋಶಿಯವರು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದು ಕಳಿಸುತ್ತಿದ್ದರೆಂಬುದು ಬಹು ಪ್ರಸಿದ್ಧವಾದ ಕಥೆ. ಅಜ್ಜನ ಕೀರ್ತನೆಯ ತಂಬೂರಿ, ತಾಯಿಯ ಭಜನೆ, ಅಂಗಡಿಯ ಗ್ರಾಮಫೋನಿನಲ್ಲಿ ಕೇಳಿದ ಅಬ್ದುಲ್ ಕರೀಮ್ ಖಾನರ ಠುಮರಿ, ಇವೆಲ್ಲ ಕೂಡಿ ಆತನನ್ನು 1933ರಲ್ಲಿ ಮನೆ ಬಿಡಿಸಿದವು. ಹಲವು ಊರು ಅಲೆದು, 1936ರಲ್ಲಿ ಆತ ಕುಂದಗೋಳದ ಸವಾಯಿ ಗಂಧರ್ವರ ಬಳಿ ಶಿಷ್ಯವೃತ್ತಿಗೆ ನಿಂತ. ಖಾನಸಾಹೇಬರ ಮೂಲ ಉತ್ತರದ ಕೈರಾನಾ. ಅವರ ದನಿ ನಮ್ಮ ಕಡೆಯ ಹುಡುಗನಿಗೆ ಮುಟ್ಟಿದ್ದು ಪರದೇಶದ ಯಂತ್ರದ ಮೂಲಕ. ಯಂತ್ರ ಯಾರದೆಂದು ಆ ಹುಡುಗ ಕೇಳಲಿಲ್ಲ.

ರಾಕ್ ಸಂಗೀತವೂ ಹೀಗೆ ದಾಟಿ ಬಂದದ್ದೇ. 1950ರ ದಶಕದಲ್ಲಿ ಅಮೆರಿಕದಲ್ಲಿ, ಅಲ್ಲಿಯ ಕಪ್ಪು ಜನ ತಮ್ಮ ದುಃಖವನ್ನು ಹಾಡಿಕೊಂಡ ಬ್ಲೂಸ್ ಪದಗಳ ಒಡಲಿನಿಂದ ಅದು ಹುಟ್ಟಿತು. ಗಿಟಾರು, ಮಂದ್ರದ ಬೇಸ್ ಗಿಟಾರು, ಡ್ರಮ್ಮು ಅದರ ಮುಖ್ಯ ವಾದ್ಯಗಳು. ಬೆಂಗಳೂರಿನ ತರುಣರು ಬಹಳ ಕಾಲ ಅದನ್ನು ಇಂಗ್ಲಿಷಿನಲ್ಲೇ ಹಾಡಿದರು. 1996ರಲ್ಲಿ ಕ್ರೈಸ್ಟ್ ಕಾಲೇಜಿನ ವಿದ್ಯಾರ್ಥಿಗಳಿಂದ ಮೊದಲಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಮೇಳ ಸ್ವಂತ ಹಾಡುಗಳನ್ನು ಕಟ್ಟಿ ಹೆಸರು ಪಡೆಯಿತು, ಅವೂ ಇಂಗ್ಲಿಷಿನವೇ. ಕನ್ನಡದ ನುಡಿ ಈ ವಾದ್ಯಗಳ ನಡುವೆ ಕೂರುವುದಕ್ಕೆ ಬೇರೆಯ ಕಡೆಯಿಂದ ಬರುವವರು ಬೇಕಾಗಿದ್ದರು.

ಬಂದದ್ದು ಮೈಸೂರಿನಿಂದ. ರಘು ದೀಕ್ಷಿತ್ 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಅವರ ಮೊದಲ ವಿದ್ಯೆ ಗಿಟಾರಲ್ಲ, ಭರತನಾಟ್ಯ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ. ನಾಟ್ಯ ಕಲಿಯುವ ಗಂಡುಹುಡುಗನೆಂದು ಸಹಪಾಠಿಯೊಬ್ಬ ಹಂಗಿಸಿ ಒಡ್ಡಿದ ಸವಾಲಿಗೆ ಉತ್ತರವಾಗಿ ಗಿಟಾರು ಹಿಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. 1990ರ ದಶಕದ ಕೊನೆಯಲ್ಲಿ, ಕರ್ನಾಟಕ ಸಂಗೀತದ ಪಿಟೀಲು ವಾದಕ ಎಚ್. ಎನ್. ಭಾಸ್ಕರರೊಡನೆ ಅವರು ‘ಅಂತರಾಗ್ನಿ’ ಎಂಬ ಮೇಳ ಕಟ್ಟಿದರು. ನಾಟ್ಯದ ಲಯ ಒಬ್ಬರದು, ರಾಗದ ನಡೆ ಇನ್ನೊಬ್ಬರದು. ಅವೆರಡರ ನಡುವೆ ಗಿಟಾರು. ಆ ಮೇಳ ಚದುರಿದ ಮೇಲೆ ಹುಟ್ಟಿದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’. ಬೇರೆ ಬೇರೆ ಸಂಪ್ರದಾಯದ ವಾದಕರು ಬಂದು ನುಡಿಸಿ ಹೋಗಬಹುದಾದ ತೆರೆದ ಮನೆ ಅದಾಗಬೇಕೆಂಬುದು ಅವರ ಆಶಯವಾಗಿತ್ತು. ಧ್ವನಿಮುದ್ರಣ ಸಂಸ್ಥೆಗಳು ವರ್ಷಗಟ್ಟಲೆ ಈ ಹಾಡುಗಳನ್ನು ಒಲ್ಲೆನೆಂದವು. ಕಡೆಗೆ ವಿಶಾಲ್–ಶೇಖರ್ ಜೋಡಿ ಮುಂದೆ ಬಂದದ್ದರಿಂದ 2008ರಲ್ಲಿ ಮೊದಲ ಸಂಕಲನ ಹೊರಬಂದಿತು. ಭೀಮಸೇನರಿಗೆ ಭಾರತರತ್ನ ಘೋಷಣೆಯಾದದ್ದೂ ಅದೇ ವರ್ಷ.

ಆ ಸಂಕಲನದಲ್ಲಿ ಎರಡು ಹಾಡುಗಳು ಶಿಶುನಾಳ ಶರೀಫರವು: ‘ಗುಡುಗುಡಿಯ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಶರೀಫರ ಕಾಲ 1819ರಿಂದ 1889. ಅವರ ಶಿಶುನಾಳ ಕುಂದಗೋಳಕ್ಕೆ ಸಮೀಪ. 1997ರ ವರೆಗೆ ಅವರ ಊರೂ ನಮ್ಮ ಮೂರು ಊರುಗಳೂ ಒಂದೇ ಧಾರವಾಡ ಜಿಲ್ಲೆಯವು. ಏಕತಾರಿ, ದಮ್ಮಡಿಗಳೊಡನೆ ಭಜನೆಯಲ್ಲಿ ಉಳಿದು ಬಂದ ಈ ಪದಗಳನ್ನು ಸಿ. ಅಶ್ವಥ್ ತಮ್ಮ ಧಾಟಿಯಲ್ಲಿ ನಾಡಿಗೆಲ್ಲ ಹಂಚಿದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಅವುಗಳನ್ನು ಮತ್ತಷ್ಟು ಹರಡಿತು. ಅದಾದ ಮೇಲೆ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಘು ದೀಕ್ಷಿತರು ಅವನ್ನೇ ಗಿಟಾರಿಗೆ ಹೊಂದಿಸಿ, 2010ರ ಹೊತ್ತಿಗೆ ಇಂಗ್ಲೆಂಡಿನ ವೇದಿಕೆಗಳಲ್ಲಿ ಹಾಡಿದರು.

ಅವರ ತಮ್ಮ ವಾಸು ದೀಕ್ಷಿತ್ 2002ರಲ್ಲಿ ಆರಂಭಿಸಿದ ‘ಸ್ವರಾತ್ಮ’ದ ಕೂಟವನ್ನು ನೋಡಿದರಂತೂ ನಮ್ಮ ಭಜನಾ ಮೇಳವೇ ನೆನಪಾಗುತ್ತದೆ. ಬೇಸಿಗೆ ಜಿಷ್ಣು ದಾಸಗುಪ್ತ, ಡ್ರಮ್ಮಿಗೆ ಮಾಂಟ್ರಿ ಮ್ಯಾನುಯೆಲ್, ನಮ್ಮ ತಾಳವಾದ್ಯಗಳಿಗೆ ಪವನ್ ಕುಮಾರ್, ಪಿಟೀಲಿಗೆ ಸಂಜೀವ ನಾಯಕ್, ಗಿಟಾರಿಗೆ ವರುಣ್ ಮುರಳಿ: ಭಾಷೆ ಬೇರೆ, ಮತ ಬೇರೆ, ಕಲಿತ ಸಂಗೀತ ಬೇರೆ. 2006ರಲ್ಲಿ ಖಾಸಗಿ ಬಾನುಲಿಯೊಂದರ ಸ್ಪರ್ಧೆ ಗೆದ್ದ ಮೇಲೆ ಇವರಿಗೆ ನೆಲೆ ದೊರೆಯಿತು. 2009ರಲ್ಲಿ ಮೊದಲ ಸಂಕಲನ ಬಂದಿತು. ವಾಸು ಅವರು ಜಾತ್ರೆಯ ಕೀಲುಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ರಂಗಕ್ಕೆ ಬರುತ್ತಿದ್ದುದನ್ನು ಕಂಡವರು ಬಹಳ.

ತತ್ವಪದಕ್ಕೆ ಗಿಟಾರು ಸಲ್ಲದು ಎಂಬ ಆಕ್ಷೇಪಣೆಯನ್ನು ನಮ್ಮ ಹಿರಿಯರಿಂದ ನಾನು ಕೇಳಿದ್ದೇನೆ. ಅವರಿಗೆ ನಾನು ಪೇಟಿಯ ಕಥೆಯನ್ನು ನೆನಪಿಸುತ್ತೇನೆ. ಯುರೋಪಿನಿಂದ ಬಂದ ಹಾರ್ಮೋನಿಯಂ ನಮ್ಮ ರಾಗಗಳ ಗಮಕಕ್ಕೆ ಒದಗದೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ಸುಮಾರು ಮೂರು ದಶಕಗಳ ತರುವಾಯವಷ್ಟೇ ನಿಷೇಧ ಸಡಿಲವಾಯಿತು. ಅಷ್ಟೂ ಕಾಲ ನಮ್ಮ ಗುಡಿಗಳಲ್ಲಿ ಪೇಟಿ ನುಡಿಯುತ್ತಲೇ ಇತ್ತು. ಪಿಟೀಲೂ ಹಾಗೆಯೇ, ಬಾಲುಸ್ವಾಮಿ ದೀಕ್ಷಿತರ ಕಾಲಕ್ಕೆ ಹೊರಗಿನಿಂದ ಬಂದು ಕರ್ನಾಟಕ ಸಂಗೀತದ ಮನೆಮಗಳಾಯಿತು. ವಾದ್ಯದ ಹುಟ್ಟೂರನ್ನು ನೋಡಿ ಹಾಡಿನ ಯೋಗ್ಯತೆಯನ್ನು ಅಳೆಯಲಾಗದು.

ನನ್ನ ಆತಂಕ ಬೇರೆಯದು. ಎರೆಭೂಮಿಯ ಮಳೆಗಾಲವನ್ನು ಮಣ್ಣಿನ ಮೇಲ್ಮುದ್ದೆಯ ಮನೆಯಲ್ಲಿ ಕಳೆದವನಿಗೆ ಮಾಳಿಗೆ ಸೋರುವುದೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಎಲ್ಲಿ ಬಿರುಕು ಬಿಟ್ಟಿದೆಯೆಂದು ತಿಳಿಯದು. ಕತ್ತಲಲ್ಲಿ ಮೇಲೇರಿ ಮಣ್ಣು ಹಾಕುವ ಧೈರ್ಯವೂ ಬಾರದು. ಆ ಅನುಭವವನ್ನೇ ಶರೀಫರು ದೇಹಕ್ಕೂ ಅಜ್ಞಾನಕ್ಕೂ ಹೊಂದಿಸಿದರು. ಸಿಮೆಂಟಿನ ತಾರಸಿಯ ಕೆಳಗೆ ಬೆಳೆದ ಕೇಳುಗನಿಗೆ ಧಾಟಿ ಮುಟ್ಟೀತು, ಲಯ ಮುಟ್ಟೀತು. ಮಾಳಿಗೆ ಮುಟ್ಟುವುದು ಕಷ್ಟ. ಭಜನೆಯಲ್ಲಿ ಪದ ಮುಗಿದ ಮೇಲೆ ಅರ್ಥ ಬಿಡಿಸಿ ಹೇಳುವ ಹಿರಿಯನೊಬ್ಬ ಇರುತ್ತಿದ್ದ. ರಾಕ್ ಮೇಳದಲ್ಲಿ ಆ ಸ್ಥಾನ ಖಾಲಿ. ಅದನ್ನು ಆ ತರುಣರ ತಪ್ಪೆನ್ನಲಾರೆ. ದೂರದಿಂದ ಬಂದು ಪದವನ್ನು ಎತ್ತಿಕೊಂಡದ್ದೇ ಅವರ ದೊಡ್ಡತನ.

ಆ ಖಾಲಿ ಸ್ಥಾನ ನಮ್ಮದು. ನಮ್ಮ ಹುಡುಗರು ಇಂದು ಗಿಟಾರಿನ ಶರೀಫರನ್ನು ಕೇಳುತ್ತಿದ್ದರೆ ಅವರ ಕೈಯಿಂದ ಅದನ್ನು ಕಸಿದುಕೊಳ್ಳುವುದು ಬೇಡ. ಅವರ ಪಕ್ಕದಲ್ಲಿ ಕುಳಿತು, ಗುಡುಗುಡಿ ಎಂದರೇನು, ಮಾಳಿಗೆ ಸೋರಿದರೆ ಏನಾಗುತ್ತದೆ ಎಂದು ನಾಲ್ಕು ಮಾತು ಹೇಳಬಲ್ಲವರು ರೋಣದಲ್ಲಿ, ನರಗುಂದದಲ್ಲಿ, ಗಜೇಂದ್ರಗಡದಲ್ಲಿ ಇನ್ನೂ ಇದ್ದಾರೆ. ಅವರು ಮಾತು ತೆಗೆದರೆ ಮೇಳಕ್ಕೆ ಇನ್ನೊಬ್ಬರು ಸೇರಿದಂತಾಗುತ್ತದೆ.